ಮೊದಲ ದಿನದ ಲಾವಕ್ಕಿ

ಅಡವಯ್ಯ ಕೇಳಿದ: “ಗುರುಗಳೇ, ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಹಾಗಿದ್ದ ಮೇಲೆ ಮನುಷ್ಯ ಪಣ ತೊಟ್ಟು ಏನು ಪ್ರಯೋಜನ?”

ಪ್ರಶ್ನೆ ದೊಡ್ಡದು. ಆದರೆ ಅದು ಎಲ್ಲಿಂದ ಬಂತು ಎಂಬುದು ಗುರುಗಳಿಗೆ ಗೊತ್ತಿತ್ತು. ಮಠದ ಹಿಂದಿನ ಕೇರಿಯ ಮಕ್ಕಳಿಗೆ ಅಕ್ಷರ ಕಲಿಸಲು ಶುರುಮಾಡು ಎಂದು ಅವರು ಈ ಶಿಷ್ಯನಿಗೆ ಹೇಳಿ ಬಹಳ ಕಾಲವಾಗಿತ್ತು. ಕೇಳಿದಾಗಲೆಲ್ಲ ಅವನು ನಾಳೆ ಎನ್ನುತ್ತಿದ್ದ.

“ಯಾರ ಹುಟ್ಟುಗುಣದ ಮಾತು?” ಎಂದರು ಗುರುಗಳು.

“ನಮ್ಮ ವಂಶದ್ದು. ನಮ್ಮ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಒಂದನ್ನಾದರೂ ಶುರುಮಾಡಿದವರಿಲ್ಲ. ನಮ್ಮಪ್ಪ ಹಿತ್ತಿಲಲ್ಲಿ ಬಾವಿ ತೋಡಬೇಕೆಂದು ಜೀವಮಾನವೆಲ್ಲ ಅಂದುಕೊಂಡ. ಅವನ ತಿಥಿಗೂ ಪಕ್ಕದ ಮನೆಯಿಂದಲೇ ನೀರು ತಂದೆವು. ರಕ್ತದಲ್ಲಿ ಬಂದದ್ದಕ್ಕೆ ನಾನೇನು ಮಾಡಲಿ?”

ಗುರುಗಳು ನಗಲಿಲ್ಲ. ಒಂದು ಕತೆ ಹೇಳಿದರು.

ಎರೆಭೂಮಿಯ ನಡುವೆ ಒಂದು ಊರು. ಊರಿನ ಬಡಗಣ ದಿಕ್ಕಿಗೆ ಎರಡು ಗುಡ್ಡ, ಗುಡ್ಡಗಳ ನಡುವೆ ಒಂದು ಕಣಿವೆ. ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ದೂರದ ಬಡಗಣ ಸೀಮೆಯಿಂದ ಲಾವಕ್ಕಿಗಳು ಆ ಕಣಿವೆಯ ದಾರಿಯಲ್ಲೇ ಬಂದು ಹುಲ್ಲಿನಲ್ಲಿ ಇಳಿಯುತ್ತಿದ್ದವು. ಚಳಿಗಾಲ ಕಳೆದು ಮತ್ತೆ ಹೊರಟುಹೋಗುತ್ತಿದ್ದವು.

ಊರಿನ ಹಿರಿಯರು ಒಂದು ಕಾಲದಲ್ಲಿ ಇದನ್ನು ಗಮನಿಸಿದ್ದರು. ಲಾವಕ್ಕಿ ಬಂದಿತೆಂದರೆ ಗಾಳಿ ತಿರುಗಿತು, ದೊಡ್ಡ ಮಳೆ ಮುಗಿಯಿತು, ಎರೆಯಲ್ಲಿ ಬೀಜಕ್ಕೆ ಬೇಕಾದಷ್ಟು ಹಸಿ ಇದೆ ಎಂದರ್ಥ. ಅಂದೇ ಹಿಂಗಾರಿ ಜೋಳ ಬಿತ್ತಬೇಕು. ಹಾಗೆ ಬಿತ್ತಿದ್ದರಿಂದ ಊರು ಉಂಡುಟ್ಟು ಸುಖವಾಗಿತ್ತು. ಗಮನ ಮುಂದೆ ಪದ್ಧತಿಯಾಯಿತು. ಪದ್ಧತಿಗೆ ಕೊಂಬು ಬಂತು.

ಪದ್ಧತಿ ಹೀಗಿತ್ತು. ಊರಿಗೆ ಒಂದು ಬಲೆಗಾರರ ಮನೆ. ಮೊದಲ ಲಾವಕ್ಕಿಗಳು ಇಳಿದ ಮುಂಜಾನೆ ಆ ಮನೆಯವರು ಹುಲ್ಲಿಗೆ ಅಡ್ಡವಾಗಿ ಬಲೆ ಕಟ್ಟಿ, ಒಂದನ್ನೂ ಬಿಡದೆ ಹಿಡಿದು, ಬುಟ್ಟಿಯಲ್ಲಿ ತುಂಬಿ, ಹಲಗೆ ಬಡಿಯುತ್ತ ಬೀದಿಯಲ್ಲಿ ತರಬೇಕು. ಗೌಡ ಬುಟ್ಟಿ ಮುಟ್ಟಿ ಬಿತ್ತನೆಗೆ ಅಪ್ಪಣೆ ಕೊಡಬೇಕು. ಮೊದಲ ದಿನದ ಹಕ್ಕಿಯಲ್ಲಿ ಒಂದು ತಪ್ಪಿಸಿಕೊಂಡರೂ ಆ ವರ್ಷದ ಬೆಳೆ ಅದರ ಹಿಂದೆ ಹಾರಿಹೋಗುತ್ತದೆ ಎಂಬ ನಂಬಿಕೆ. ಬಿತ್ತನೆ ಮುಗಿಯುವವರೆಗೆ ದಿನವೂ ಬಲೆ. ಬಿತ್ತನೆ ಮುಗಿದ ದಿನ ಬಲೆಯನ್ನು ಮಡಿಸಿ ಜಂತಿಗೆ ಕಟ್ಟಿಬಿಡಬೇಕು. ಆಮೇಲೆ ಬಂದ ಹಕ್ಕಿಗಳ ತಂಟೆಗೆ ಯಾರೂ ಹೋಗುವಂತಿಲ್ಲ. ತಡವಾಗಿ ಬಂದ ಅತಿಥಿಯನ್ನು ಕೊಲ್ಲಬಾರದು ಎನ್ನುತ್ತಿದ್ದರು. ತಮ್ಮಷ್ಟು ದಯಾವಂತರು ಈ ಸೀಮೆಯಲ್ಲೇ ಇಲ್ಲ ಎಂದು ಆ ಊರಿನವರಿಗೆ ಹೆಮ್ಮೆ.

ತಲೆಮಾರುಗಳು ಕಳೆದವು. ಬಲೆ ಕಟ್ಟುವಾಗ ಹೆಂಗಸರು ಹಾಡುವ ಹಾಡೊಂದಿತ್ತು: ‘ಉತ್ತರಿ ಮಳಿ ಹೋಗೂ ಮುಂದ ಬಂತವ್ವ ಲಾವಕ್ಕಿ’. ಹಾಡಿನಲ್ಲಿ ಹಕ್ಕಿ ಉತ್ತರೆ ಮಳೆಯಲ್ಲಿ ಬರುತ್ತಿತ್ತು. ಹುಲ್ಲಿನಲ್ಲಿ ಮಾತ್ರ ಉತ್ತರೆ ಕಳೆದು, ಹಸ್ತ ಕಳೆದು, ಚಿತ್ತೆ ಮಳೆ ಮುಗಿಯುವಾಗ ಬರುತ್ತಿತ್ತು. ಜನ ಚಿತ್ತೆಯಲ್ಲಿ ನಿಂತು ಉತ್ತರೆಯ ಹಾಡು ಹಾಡುತ್ತಿದ್ದರು. ಬಾಯಿಗೂ ಕಿವಿಗೂ ನಡುವೆ ಒಂದೇ ಗೇಣು. ಆದರೂ ಒಬ್ಬರಿಗೂ ಕೇಳಿಸಲಿಲ್ಲ.

ಅಷ್ಟು ಹೊತ್ತಿಗೆ ಎರೆ ಬಾಯಿ ಬಿಟ್ಟಿರುತ್ತಿತ್ತು. ಬೀಜ ಹುಟ್ಟುತ್ತಿತ್ತು, ದಂಟು ಏಳುತ್ತಿರಲಿಲ್ಲ. ತೆನೆ ಕಟ್ಟುತ್ತಿತ್ತು, ಕಾಳು ತುಂಬುತ್ತಿರಲಿಲ್ಲ. ಒಬ್ಬ ರೈತ ತಡೆಯಲಾರದೆ ಹಕ್ಕಿಗಿಂತ ಮುಂಚೆ ಬಿತ್ತಿದ. ಆ ವರ್ಷ ಅವನ ಹೊಲಕ್ಕೇ ಆಣೆಕಲ್ಲು ಬಿದ್ದು ಪೈರು ನೆಲಕಚ್ಚಿತು. ಅಲ್ಲಿಗೆ ಆ ದಾರಿಯೂ ಮುಚ್ಚಿತು. ಅಜ್ಜ ನೆಟ್ಟ ಆಲದ ಮರಕ್ಕೇ ನೇಣು ಹಾಕಿಕೊಳ್ಳುವವರಿಗೆ ಹಗ್ಗದ ಬಡತನವಿಲ್ಲ. ಹಕ್ಕಿಗಳಿಗೆ ಸೋಮಾರಿತನ ಬಂದಿದೆ, ಕಾಲ ಕೆಟ್ಟಿದೆ ಎಂದು ಕಟ್ಟೆಯ ಮೇಲೆ ಕೂತು ತೀರ್ಮಾನಿಸಿದರು.

ಆ ಕಾಲಕ್ಕೆ ಬಲೆ ಒಬ್ಬ ಹೆಂಗಸಿನ ಕೈಗೆ ಬಂದಿತ್ತು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಕೈ ಚುರುಕು, ಮಾತು ಕಡಿಮೆ. ಹಕ್ಕಿಯ ಕತ್ತು ಮುರಿಯುವುದು ಅವಳಿಗೆ ಅವರೆಕಾಯಿ ಸುಲಿದಷ್ಟು ರೂಢಿ. ಆದರೂ ಒಂದು ವರ್ಷ ಮೊದಲ ದಿನದ ಬೇಟೆಯಲ್ಲಿ ಸಿಕ್ಕ ಒಂದು ಜೋಡಿಯ ಮೇಲೆ ಅವಳಿಗೆ ಯಾಕೋ ಮರುಕ ಬಂತು. ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ತಂದಳು. ಮನೆಯಲ್ಲಿ ಇನ್ನೊಂದು ಜೋಡಿ ಆಗಲೇ ಇತ್ತು, ಅದು ಪದ್ಧತಿಯಂತೆ ಇಟ್ಟುಕೊಂಡ ಕರೆಹಕ್ಕಿ. ಕೂಗಿ ಬೇರೆ ಹಕ್ಕಿಗಳನ್ನು ಬಲೆಗೆ ಕರೆಯುವ ಹಕ್ಕಿಯನ್ನು ಕಡೆಯ ದಿನದ ಬೇಟೆಯಿಂದಲೇ ಆರಿಸಬೇಕೆಂದು ನೇಮವಿತ್ತು.

ಎರಡೂ ಜೋಡಿ ಬುಟ್ಟಿಯಲ್ಲೇ ಮೊಟ್ಟೆ ಇಟ್ಟವು, ಮರಿ ಮಾಡಿದವು. ಮರಿಗಳೆಲ್ಲ ಒಂದೇ ಸೂರಿನ ಕೆಳಗೆ ಒಂದೇ ನವಣೆ ತಿಂದು ಬೆಳೆದವು. ಆಕಾಶ ಕಂಡವಲ್ಲ, ಕಣಿವೆ ದಾಟಿದವಲ್ಲ.

ಮುಂದಿನ ವರ್ಷ ಚಿತ್ತೆ ಮಳೆ ಮುಗಿಯಲು ಬಂದ ಸಂಜೆ ಒಂದು ಬುಟ್ಟಿಯಲ್ಲಿ ದಡಬಡ ಸದ್ದು. ನೋಡಿದಳು. ಮೊದಲ ದಿನದ ಜೋಡಿಯ ಮರಿಗಳು ಮುಚ್ಚಳಕ್ಕೆ ತಲೆ ಬಡಿದುಕೊಳ್ಳುತ್ತಿದ್ದವು. ಬೆಕ್ಕು ಬಂತೇ ಎಂದು ಹುಡುಕಿದಳು, ಬೆಕ್ಕಿಲ್ಲ. ಮರುದಿನ ಸಂಜೆಯೂ ಹಾಗೇ. ಪಕ್ಕದ ಬುಟ್ಟಿಯಲ್ಲಿದ್ದ ಕಡೆಯ ದಿನದ ಮರಿಗಳು ರೆಕ್ಕೆ ಮಡಿಸಿ ತಣ್ಣಗೆ ಕೂತಿದ್ದವು. ಚಿತ್ತೆ ಕಳೆದು ಸ್ವಾತಿ ಬಂತು. ಊರಿನ ಬಿತ್ತನೆ ಮುಗಿಯಿತು. ಆಗ ಕಡೆಯ ದಿನದ ಮರಿಗಳ ಬುಟ್ಟಿ ದಡಬಡ ಎಂದಿತು, ಮೊದಲ ದಿನದ್ದು ತಣ್ಣಗಾಯಿತು.

ಇವಕ್ಕೆ ಹೊತ್ತು ಹೇಳಿಕೊಟ್ಟವರು ಯಾರು ಎಂದು ಅವಳಿಗೆ ದಿಗಿಲಾಯಿತು. ಗಾಳಿಯೂ ಅಲ್ಲ, ಹಸಿವೂ ಅಲ್ಲ. ಎರಡು ಬುಟ್ಟಿಗೂ ಬೀಸಿದ್ದು ಒಂದೇ ಗಾಳಿ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಮಾತನ್ನು ಅವಳು ಮದುವೆ ಮನೆಗಳಲ್ಲಿ ಕೇಳಿದ್ದಳು. ಹಕ್ಕಿಬುಟ್ಟಿಯ ಮುಂದೆ ನೆನಪಾದದ್ದು ಅದೇ ಮೊದಲು.

ಆ ಸುಗ್ಗಿಯಲ್ಲಿ ಅವಳು ತನ್ನ ಪಾಲಿನ ಜೋಳಕ್ಕಾಗಿ ಕಣಕ್ಕೆ ಹೋದಳು. ಕಣದಲ್ಲಿ ಒಬ್ಬ ರೈತನ ಹೆಂಡತಿ ತೆನೆಗಳನ್ನು ಬೇರೆ ಮಾಡುತ್ತ ಕೂತಿದ್ದಳು.

“ಇವೇನಬೇ, ಒಳ್ಳೆ ತೆನಿಗೋಳನ್ನ ಅತ್ತಾಗ ಇಡಾಕತ್ತೀದಿ?”

“ಇವು ಮೊದಲ ಬಲತದ್ದು. ಬಿತ್ತಾಕ ಇಡ್ತೀನಿ.”

“ತಿನ್ನೂದಿಲ್ಲೇನು?”

“ಹುಚ್ಚಿ ಅದೀಯೇನು? ಮೊದಲ ಬಲತದ್ದನ್ನ ತಿಂದು, ತಡ ಆದದ್ದನ್ನ ಬಿತ್ತಿದ್ರ, ಬರೋ ವರ್ಷ ಎಲ್ಲಾ ತಡ ಆಗಿ ಹುಟ್ಟತೈತಿ. ಇಷ್ಟೂ ತಿಳಿಯಂಗಿಲ್ಲ?”

ಬಲೆಗಾರ್ತಿ ಕೈಯಲ್ಲಿದ್ದ ಚೀಲ ಬಿಟ್ಟು ಅಲ್ಲೇ ಕೂತಳು. ತೆನೆಯ ವಿಷಯದಲ್ಲಿ ಊರಿನ ಕೂಸಿಗೂ ಗೊತ್ತಿದ್ದದ್ದು ಹಕ್ಕಿಯ ವಿಷಯದಲ್ಲಿ ಊರಿಗೂರೇ ಮರೆತಿತ್ತು. ತನ್ನ ಅತ್ತೆ, ಅತ್ತೆಯ ಅತ್ತೆ, ಎಲ್ಲರೂ ಬೇಗ ಬಂದದ್ದರ ಕತ್ತು ಮುರಿದು, ತಡವಾಗಿ ಬಂದದ್ದನ್ನು ಬೀಜಕ್ಕೆ ಬಿಟ್ಟಿದ್ದರು. ಹಾಗೆ ಮಾಡಿ ದಯೆ ಎಂದು ಹೆಸರಿಟ್ಟಿದ್ದರು. ಹಕ್ಕಿ ಸೋಮಾರಿಯಾಗಿರಲಿಲ್ಲ. ಸೋಮಾರಿಯಾಗದ ಹಕ್ಕಿಯ ವಂಶವನ್ನು ಅವಳ ಮನೆಯೇ ತಿಂದಿತ್ತು.

ಮುಂದಿನ ಚಿತ್ತೆಗೆ ಮೊದಲೇ ಅವಳು ಗೌಡನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಈ ವರ್ಷ ಮೊದಲ ದಿನದ ಹಕ್ಕಿಗಳನ್ನು ಬಿಟ್ಟುಬಿಡೋಣ ಎಂದಳು.

ಗೌಡ ಕೆಟ್ಟವನಲ್ಲ. ತಾಳ್ಮೆಯಿಂದ ಕೇಳಿದ. “ಒಂದು ವರ್ಷ ಬಿಟ್ರ ಉತ್ತರಿಗೆ ಬರ್ತಾವೇನು?”

“ಒಂದು ವರ್ಷಕ್ಕ ಬರಂಗಿಲ್ರಿ. ಅವುಗಳ ಮಕ್ಕಳು, ಮೊಮ್ಮಕ್ಕಳು ಆಗಬೇಕು.”

“ಅಲ್ಲೀತನಾ ಊರು ಏನ್ ತಿನ್ನಬೇಕು? ನಿನ್ನ ಬುಟ್ಟಿಯಾಗಿನ ಮರಿ ಕುಣಿದ್ವು ಅಂತ ನಾನು ನಮ್ಮ ಹಿರ್‍ಯಾರ ಮಾತು ಮುರೀಲಿ? ಹೋಗವ್ವ. ಬಲಿ ಕಟ್ಟೋದು ನಿನ್ನ ಕೆಲಸ, ವಿಚಾರ ಮಾಡೋದು ನಮ್ಮ ಕೆಲಸ.”

ಅವಳು ಎದ್ದು ಬಂದಳು. ಆದರೆ ದಾರಿಯಲ್ಲೇ ನಿಶ್ಚಯ ಮಾಡಿಕೊಂಡಳು.

ಮೊದಲ ಹಕ್ಕಿಗಳು ಇಳಿದ ಮುಂಜಾನೆ ಅವಳು ಯಾವತ್ತಿನಂತೆ ಬಲೆ ಕಟ್ಟಿದಳು, ಯಾವತ್ತಿನಂತೆ ಹಿಡಿದಳು, ಒಂದನ್ನೂ ಕೊಲ್ಲದೆ ಬುಟ್ಟಿ ತುಂಬಿದಳು. ಹಲಗೆ ಬಡಿಯುತ್ತ ಬೀದಿಗೆ ಬಂದಳು. ಊರೆಲ್ಲ ಸೇರಿತ್ತು. ಗೌಡ ಬುಟ್ಟಿ ಮುಟ್ಟಲು ಕೈ ಚಾಚಿದ. ಅವಳು ಮುಚ್ಚಳ ತೆಗೆದಳು. ಹಕ್ಕಿಗಳು ಬುರ್ರನೆ ಎದ್ದು, ಗೌಡನ ರುಮಾಲು ಸವರಿಕೊಂಡು ಹೋಗಿ ಹೊಲಗಳ ಕಡೆ ಇಳಿದವು. ಕದ್ದು ಬಿಡಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಕದ್ದು ಮಾಡಿದ್ದನ್ನು ಒಂದೇ ವರ್ಷ ಮಾಡಬಹುದು, ಈ ಕೆಲಸಕ್ಕೆ ವರ್ಷಗಳು ಬೇಕು ಎಂದು ಅವಳಿಗೆ ಗೊತ್ತಿತ್ತು.

ಆ ವರ್ಷವೂ ಬೆಳೆ ಕೆಟ್ಟಿತು. ಕೆಡಲೇಬೇಕಿತ್ತು, ಬಿತ್ತಿದ್ದು ಚಿತ್ತೆಯ ಕೊನೆಗೆ. ಆದರೆ ಈಗ ದೂರಲು ಒಂದು ಮುಖ ಸಿಕ್ಕಿತ್ತು. ಇವಳಿಂದಲೇ ಬೆಳೆ ಹಾರಿಹೋಯಿತು ಎಂದು ಬಲೆಯನ್ನು ಕಿತ್ತುಕೊಂಡು ಅವಳ ಮೈದುನನ ಮಗನಿಗೆ ಕೊಟ್ಟರು. ಕಣದ ಪಾಲು ನಿಂತಿತು. ನೀರಿಗೆ ಹೋದರೆ ಹೆಂಗಸರು ಕೊಡ ಸರಿಸಿಕೊಂಡರು. ಅದರಿಂದ ಅವಳಿಗೆ ಎಲ್ಲಕ್ಕಿಂತ ಹೆಚ್ಚು ನೋವಾಯಿತು. ಒಂದು ದಿನ ಗೋಡೆಗೆ ಮುಖ ಮಾಡಿ ಅತ್ತಳು. ಅತ್ತು ಮುಗಿದ ಮೇಲೆ ಪಾತ್ರೆ ಪಡಗ ಕಟ್ಟಿಕೊಂಡು ಕಣಿವೆಯ ಬಾಯಿಗೆ ಹೋಗಿ ಗುಡಿಸಲು ಹಾಕಿದಳು.

ಮುಂದಿನ ವರ್ಷ ಹೊಸ ಬಲೆಗಾರ ಮೊದಲ ಮುಂಜಾನೆ ಬಲೆ ಹೊತ್ತು ಬಂದಾಗ ಅವಳು ಅವನಿಗಿಂತ ಮೊದಲೇ ಹುಲ್ಲಿನಲ್ಲಿದ್ದಳು. ಕೈಯಲ್ಲಿ ಒಂದು ಕೋಲು. ಹುಲ್ಲು ಬಡಿಯುತ್ತ ಈ ತುದಿಯಿಂದ ಆ ತುದಿಗೆ ಓಡಿದಳು. ಹಕ್ಕಿಗಳೆಲ್ಲ ಎದ್ದು ಹೊಲಗಳಿಗೆ ಹೋಗಿ ಅಡಗಿದವು. ಅವನಿಗೆ ಸಿಕ್ಕದ್ದು ಬುಟ್ಟಿಯ ತಳ ಮುಚ್ಚುವಷ್ಟು. ಅಷ್ಟನ್ನೇ ತೋರಿಸಿ ಅವನು ಹಲಗೆ ಬಡಿದ. ಊರು ಬಿತ್ತಿತು.

ಹೀಗೇ ಮರುವರ್ಷ. ಹೀಗೇ ಅದರ ಮರುವರ್ಷ. ಅವನು ಬೈದ, ಬೇಡಿಕೊಂಡ, ಒಮ್ಮೆ ಕೈಯನ್ನೂ ಎತ್ತಿದ. ಊರಿನವರು ಒಂದು ಸಲ ಗುಡಿಸಲು ಕಿತ್ತು ಹಾಕಿದರು. ಅವಳು ಅದೇ ಬಿದಿರು, ಅದೇ ಹುಲ್ಲು ಹೆಕ್ಕಿ ಮತ್ತೆ ಕಟ್ಟಿದಳು. ಯಾರ ಜೊತೆಗೂ ವಾದ ಮಾಡಲಿಲ್ಲ. ಕೇಳಿದವರಿಗೆಲ್ಲ ಒಂದೇ ಮಾತು: “ನಾಳೆನೂ ಬರ್ತೀನಿ.” ಕೂಲಿ ಮಾಡಿ ಉಂಡಳು. ಒಂದೆರಡು ವರ್ಷ ಹಕ್ಕಿಗಳು ಬಂದ ಹೊತ್ತು ಇದ್ದಂತೆಯೇ ಇತ್ತು. ತಾನೇ ತಪ್ಪಿರಬಹುದೇ ಎಂಬ ಹುಳ ಅವಳ ತಲೆಯನ್ನೂ ಕೊರೆಯಿತು. ಕೊರೆಯಲಿ ಎಂದು ಬಿಟ್ಟಳು, ಕೋಲು ಬಿಡಲಿಲ್ಲ. ಕಾಲ ಕಳೆದಂತೆ ಮಂಡಿ ಸವೆದು ಓಟ ನಡಿಗೆಯಾಯಿತು. ನಡಿಗೆ ಕುಂಟಾಯಿತು. ಓಡಲಾಗದ ವರ್ಷ ತಗಡಿನ ಡಬ್ಬಿ ಬಡಿದಳು.

ಹಕ್ಕಿಗಳು ಚಿತ್ತೆಯ ನಡುವೆ ಬಂದವು. ಇನ್ನು ಕೆಲವು ವರ್ಷಕ್ಕೆ ಚಿತ್ತೆಯ ಮೊದಲಲ್ಲೇ ಬಂದವು. ಆಮೇಲೆ ಒಂದು ವರ್ಷ ಹಸ್ತ ಮಳೆ ಇನ್ನೂ ಹನಿಯುತ್ತಿರುವಾಗಲೇ ಹುಲ್ಲಿನಲ್ಲಿ ಲಾವಕ್ಕಿಯ ಕೂಗು ಕೇಳಿತು. ಊರಿನವರು ಎದ್ದುಬಿದ್ದು ಬಿತ್ತಿದರು. ಆ ವರ್ಷ ಜೋಳದ ಹೊಲದಲ್ಲಿ ಆಳು ನಿಂತರೆ ಕಾಣುತ್ತಿರಲಿಲ್ಲ. ಹೊಸ ಬಲೆಗಾರನ ಕೈಗುಣ ಒಳ್ಳೆಯದು ಎಂದು ಊರು ಹೊಗಳಿತು. ಗೌಡ ಅವನಿಗೆ ಶಾಲು ಹೊದಿಸಿದ. ಕಣಿವೆಯ ಬಾಯಲ್ಲಿದ್ದ ಮುದುಕಿಯನ್ನು ಯಾರೂ ನೆನೆಯಲಿಲ್ಲ. ಅವಳಿಗೆ ಕೋಪ ಬಂತು, ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ಕೋಪವನ್ನೂ ಡಬ್ಬಿಯ ಮೇಲೆಯೇ ತೀರಿಸಿಕೊಂಡಳು.

ಶಾಲು ಹೊದ್ದವನಿಗೆ ಮಾತ್ರ ತನ್ನ ಕೈಗುಣ ಎಷ್ಟರದು ಎಂದು ಗೊತ್ತಿತ್ತು. ವರ್ಷವರ್ಷವೂ ಅವಳು ಹಕ್ಕಿ ಎಬ್ಬಿಸುವುದನ್ನು, ವರ್ಷವರ್ಷವೂ ಹಕ್ಕಿ ಬೇಗ ಬರುವುದನ್ನು ಹತ್ತಿರದಿಂದ ನೋಡಿದವನು ಅವನೊಬ್ಬನೇ.

ಮುಂದಿನ ವರ್ಷ ಉತ್ತರೆ ಮಳೆ ಮುಗಿಯಲು ಬಂದಿತ್ತು. ಬೆಳಕು ಹರಿಯುವ ಹೊತ್ತಿಗೆ ಕಣಿವೆಯ ಹುಲ್ಲಿನಿಂದ ಕೂಗು ಬಂತು. ಹಾಡಿನಲ್ಲಿ ಬಿಟ್ಟರೆ ಉತ್ತರೆಯಲ್ಲಿ ಲಾವಕ್ಕಿಯನ್ನು ಕಂಡವರು ಊರಿನಲ್ಲಿ ಜೀವಂತವಿರಲಿಲ್ಲ. ಬಲೆಗಾರ ಬಲೆ ಹೊತ್ತು ಬಂದ. ಮುದುಕಿ ಗುಡಿಸಲ ಬಾಗಿಲಲ್ಲಿ ಕೂತಿದ್ದಳು. ಏಳಲು ನೋಡಿದಳು, ಕಾಲು ಏಳಲಿಲ್ಲ. ಡಬ್ಬಿ ಎತ್ತಿಕೊಂಡಳು, ಡಬ್ಬಿ ಜಾರಿ ಬಿತ್ತು. ನೆಲಕ್ಕೆ ಕೈ ಊರಿ ಅಂಬೆಗಾಲಿನಲ್ಲಿ ಹುಲ್ಲಿನ ಕಡೆ ಹೊರಟಳು.

ಅವನು ನಿಂತು ನೋಡಿದ. ಹುಲ್ಲಿನ ತುಂಬ ಹಕ್ಕಿ. ತಡೆಯುವವರು ಯಾರೂ ಇಲ್ಲ. ಇಷ್ಟು ವರ್ಷ ಅವನು ಕಾದಿದ್ದ ಬೇಟೆ ಅದು.

ಅವನು ಬಲೆಯನ್ನು ನೆಲಕ್ಕೆ ಎಸೆದ. ಅವಳ ಕೋಲು ತೆಗೆದುಕೊಂಡು ಹುಲ್ಲಿಗೆ ನುಗ್ಗಿ, ಈ ತುದಿಯಿಂದ ಆ ತುದಿಗೆ ಹೋ ಹೋ ಎಂದು ಕೂಗುತ್ತ ಓಡಿದ. ಹಕ್ಕಿಗಳೆಲ್ಲ ಎದ್ದು ಹೋದವು. ಆಮೇಲೆ ಖಾಲಿ ಬುಟ್ಟಿ ತಲೆಯ ಮೇಲೆ ಇಟ್ಟುಕೊಂಡು, ಹಲಗೆ ಬಡಿಯುತ್ತ ಊರಿನ ಬೀದಿಗೆ ನಡೆದ. ಹಕ್ಕಿಯ ಕೂಗನ್ನು ಆಗಲೇ ಕೇಳಿದ್ದ ಊರು ಖಾಲಿ ಬುಟ್ಟಿಗೇ ಒಪ್ಪಿ ಉತ್ತರೆಯಲ್ಲಿ ಬಿತ್ತಿತು.

ಗುರುಗಳು ಕತೆ ನಿಲ್ಲಿಸಿದರು.

ಅಡವಯ್ಯನ ಮುಖ ಅರಳಿತ್ತು. “ಹಾಗಾದರೆ ಗಾದೆ ಸುಳ್ಳಾಯಿತಲ್ಲ. ಹಕ್ಕಿಗಳು ತಮ್ಮ ಹುಟ್ಟುಗುಣ ಬಿಟ್ಟವು.”

“ಗಾದೆ ಸುಳ್ಳಾಗಲಿಲ್ಲ,” ಎಂದರು ಗುರುಗಳು. “ಒಂದು ಹಕ್ಕಿಯೂ ತನ್ನ ಗುಣ ಬಿಡಲಿಲ್ಲ. ತಡವಾಗಿ ಬರುವುದು ಸಾಯುವವರೆಗೂ ತಡವಾಗಿಯೇ ಬಂತು. ಬೇಗ ಬರುವುದನ್ನು ಕೊಲ್ಲುವುದು ನಿಂತಿತು. ಆದದ್ದು ಅಷ್ಟೇ.”

ಶಿಷ್ಯನ ಮುಖ ಬಾಡಿತು. “ಅವು ಹಿಂಡು, ಗುರುಗಳೇ. ಹಿಂಡಿನಲ್ಲಿ ಬೇಗ ಬರುವುದೂ ಇರುತ್ತದೆ, ತಡವಾಗಿ ಬರುವುದೂ ಇರುತ್ತದೆ. ನಾನು ಒಬ್ಬ. ನನಗೆ ಬಂದದ್ದು ನಮ್ಮಪ್ಪನ ರಕ್ತ ಒಂದೇ.”

ಗುರುಗಳು ಒಂದೇ ಒಂದು ಮಾತು ಕೇಳಿದರು.

“ಬೆಳಗಾದರೆ ನಿನ್ನೊಳಗೆ ಮೊದಲು ಬಂದಿಳಿಯುವ ‘ಇವತ್ತೇ ಶುರುಮಾಡೋಣ’ ಎಂಬ ಯೋಚನೆಯ ಕತ್ತನ್ನು ದಿನವೂ ಮುರಿಯುತ್ತಿರುವುದು ಸತ್ತುಹೋದ ನಿಮ್ಮಪ್ಪನ ಕೈಯೇ?”